ಗಂಗರತ್ನಮ್ಮನವರ ಹಳೇ ಇ.ಸಿ.ಜಿ.

ಹೋದ ತಿಂಗಳು ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಶಿಡ್ಲಘಟ್ಟ ದಾಟಿ ಸ್ವಲ್ಪ ದೂರ ಹೋದ ಮೇಲೆ ಒಬ್ಬ ಹೆಂಗಸು ಕೈ ಅಡ್ಡ ಹಾಕಿ ಬಸ್ಸು ನಿಲ್ಲಿಸಿ, ತನಗಿಂತ ದೊಡ್ಡದಾದ ಹಿಪ್ಪುನೇರಳೆ ಸೊಪ್ಪಿನ ಮೂಟೆಯನ್ನು ಮೊದಲು ಹತ್ತಿಸಿ ಆಮೇಲೆ ತಾನು ಹತ್ತಿದಳು.

"ಇದೇನಮ್ಮ, ಬಸ್ಸಾ ಲಗೇಜ್ ಆಟೋನಾ?" ಅಂದ ಕಂಡಕ್ಟರ್.

"ಎರಡೇ ಸ್ಟಾಪು ಕಣಪ್ಪ. ಹುಳ ಹಸ್ಕೊಂಡವೆ, ನೀನೇನು ಅವಕ್ಕೆ ತಿಂಡಿ ಕೊಡ್ತೀಯ?"

ಬಸ್ಸಿನವರೆಲ್ಲ ನಕ್ಕರು. ಮೂಟೆ ನನ್ನ ಕಾಲ ಹತ್ತಿರವೇ ಬಂದು ಕೂತಿತು. ಕೊಯ್ದು ಒಂದು ಗಂಟೆಯಾದ ಹಿಪ್ಪುನೇರಳೆ ಸೊಪ್ಪಿಗೆ ಒಂದು ವಾಸನೆ ಇದೆ. ಹಸಿ ಹಾಲಿನ ಹಾಗೆ, ಒದ್ದೆ ಗೋಣಿಯ ಹಾಗೆ. ನಮ್ಮ ಕಡೆಯವರಿಗೆ ಅದೇನು ಹೊಸದಲ್ಲ. ಆದರೆ ನನಗೆ ಆ ವಾಸನೆ ಬಂದರೆ ಈಗಲೂ ಕೈಯಲ್ಲಿ ಒಂದು ಗುಲಾಬಿ ಕಾಗದ ಹಿಡಿದುಕೊಂಡಿದ್ದೇನೆ, ಯಾರೋ ನನ್ನ ಬಾಯಿ ನೋಡುತ್ತಿದ್ದಾರೆ, ನಾನು ಏನೋ ಒಂದು ಹೇಳಲೇಬೇಕು ಅನ್ನಿಸುತ್ತದೆ.

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಚಿಂತಾಮಣಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಇ.ಸಿ.ಜಿ. ತೆಗೆಯುವ ಕೆಲಸದಲ್ಲಿದ್ದೆ. ಹದಿನಾಲ್ಕು ವರ್ಷದಿಂದ ಅದೇ ಕೆಲಸ. ಕೈಕಾಲಿಗೆ ನಾಲ್ಕು ಕ್ಲಿಪ್ಪು, ಎದೆಗೆ ಆರು ರಬ್ಬರು ಬುರುಡೆ, ನಡುವೆ ತಣ್ಣನೆಯ ಜೆಲ್ಲಿ. ಗುಂಡಿ ಒತ್ತಿದರೆ ಗುಲಾಬಿ ಚೌಕುಳಿಯ ಕಾಗದದ ಮೇಲೆ ಎದೆಯ ಬಡಿತ ಗೆರೆಯಾಗಿ ಹೊರಗೆ ಬರುತ್ತದೆ. ಅದನ್ನು ಓದುವುದು ಡಾಕ್ಟರ ಕೆಲಸ. ಆದರೂ ಅಷ್ಟು ವರ್ಷ ನೋಡಿದ ಮೇಲೆ ಕಣ್ಣು ಸುಮ್ಮನಿರುತ್ತದೆಯೇ? ಕಾಗದ ಪೂರ್ತಿ ಬರುವ ಮೊದಲೇ ನಾನು ಮನಸ್ಸಿನಲ್ಲಿ ಇದು ಇಂಥದ್ದು ಅಂದುಕೊಂಡಿರುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಸರಿಯಾಗಿಯೇ ಇರುತ್ತಿತ್ತು. ಅದೇ ನನಗೆ ಸ್ವಲ್ಪ ತಲೆಗೆ ಹತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಆ ವರ್ಷ ಆಷಾಢದಲ್ಲಿ ನಮ್ಮಲ್ಲಿಗೆ ಹೊಸ ಡಾಕ್ಟರು ಬಂದರು. ಡಾಕ್ಟರ್ ವೀಣಾ. ಗೌರಿಬಿದನೂರಿನವರು, ಅಪ್ಪನದು ರೈಲ್ವೆ ಸ್ಟೇಷನ್ನಿನ ಹತ್ತಿರ ದಿನಸಿ ಅಂಗಡಿ. ಮೂವತ್ತು ದಾಟಿರಲಿಲ್ಲ. ಕನ್ನಡದ ನಡುವೆ ತೆಲುಗು ಬಂದುಬಿಡುತ್ತಿತ್ತು. ಪೇಷಂಟು ಹೆಂಗಸರನ್ನು "ಏಮ್ಮಾ, ಎಕ್ಕಡ ನೊಪ್ಪಿ? ಎಲ್ಲಿ ನೋವು?" ಅಂತ ಎರಡೂ ಭಾಷೆಯಲ್ಲಿ ಕೇಳುತ್ತಿದ್ದರು. ನನ್ನನ್ನು ಮೊದಲ ದಿನದಿಂದಲೇ ನಾಗರಾಜಣ್ಣ ಅಂದರು.

ಅವರದೊಂದು ಅಭ್ಯಾಸ ನನಗೆ ಸರಿಹೋಗುತ್ತಿರಲಿಲ್ಲ. ಕಾಗದ ಕೊಟ್ಟರೆ ಬೇಗ ಬಾಯಿ ಬಿಡುತ್ತಿರಲಿಲ್ಲ. ಅದರಲ್ಲೂ ಪ್ರಜ್ಞೆ ಇಲ್ಲದವರದ್ದಾದರೆ ಅದನ್ನು ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಿ ನಿಂತುಬಿಡುತ್ತಿದ್ದರು. ಒಂದು ದಿನ ತೋಟಕ್ಕೆ ಔಷಧಿ ಹೊಡೆಯುತ್ತಿದ್ದವನು ಅಲ್ಲೇ ಬಿದ್ದ ಅಂತ ಹೊತ್ತುಕೊಂಡು ಬಂದರು. ಬಡಿತ ತೀರಾ ನಿಧಾನ. ನಾನು "ಹಾರ್ಟ್ ಬ್ಲಾಕ್ ಮೇಡಂ" ಅಂದೆ. ಅವರು ಅವನ ಅಂಗಿ ಮೂಸಿ, ಕಣ್ಣಿನ ಗುಡ್ಡೆ ನೋಡಿ, "ಹೃದಯದ ತಪ್ಪಲ್ಲಣ್ಣ, ಔಷಧಿಯ ತಪ್ಪು" ಅಂದರು. ಇನ್ನೊಬ್ಬ ಮುದುಕನ ಗೆರೆ ನಡುಗುತ್ತಿತ್ತು. ನಾನು ಏನೇನೋ ಯೋಚಿಸಿದ್ದೆ, ನೋಡಿದರೆ ಆತ ಚಳಿಗೆ ನಡುಗುತ್ತಿದ್ದ ಅಷ್ಟೆ.

"ಮಾತಾಡೋ ಪೇಷಂಟು ಇದ್ದರೆ ಈ ಕಾಗದ ಬರೀ ಸಾಕ್ಷಿ ಅಣ್ಣ" ಅಂದರು ಒಂದು ಸಲ. "ಮಾತಾಡದೇ ಇರೋರ ಹತ್ತಿರ ಇದೊಂದೇ ಮಾತಾಡೋದು. ಅದಕ್ಕೇ ನಂಗೆ ಭಯ."

ನನಗೆ ಆಗ ಅದು ಅರ್ಥವಾಗಲಿಲ್ಲ. ಕಾಗದ ಸುಳ್ಳು ಹೇಳುತ್ತದೆಯೇ ಅಂದುಕೊಂಡೆ.

ಶ್ರಾವಣದಲ್ಲಿ ಕೆಂಚಾರ್ಲಹಳ್ಳಿಯ ಕಡೆ ಒಂದು ಆರೋಗ್ಯ ಶಿಬಿರ ಮಾಡಿದೆವು. ಹೊರಗೆ ಜಿಟಿಜಿಟಿ ಮಳೆ. ಶಾಲೆಯ ಒಂದು ಕೋಣೆ ಇ.ಸಿ.ಜಿ.ಗೆ ಅಂತ ಕೊಟ್ಟಿದ್ದರು. ಹೆಂಗಸರ ಸರದಿ ಬಂದಾಗ ಕೋಣೆಗೆ ಅಡ್ಡವಾಗಿ ಒಂದು ಹಳೇ ಸೀರೆ ಕಟ್ಟಿದರು. ಸೀರೆಯ ಆ ಕಡೆ ಮಂಚ, ಪೇಷಂಟು, ನಮ್ಮ ಸಿಸ್ಟರ್. ಈ ಕಡೆ ಮೇಜು, ಮೆಷಿನ್ನು, ನಾನು. ಸಿಸ್ಟರೇ ಎದೆಗೆಲ್ಲ ಹಾಕಿ "ಹೂಂ, ಹೊಡೀರಿ" ಅಂದರೆ ನಾನು ಗುಂಡಿ ಒತ್ತುವುದು, ಕಾಗದ ಹರಿಯುವುದು, ಪಟ್ಟಿಯಲ್ಲಿದ್ದ ಹೆಸರನ್ನು ಅದರ ಮೂಲೆಯಲ್ಲಿ ಪೆನ್ನಿನಿಂದ ಬರೆಯುವುದು. ನನಗೆ ಕಾಣುತ್ತಿದ್ದದ್ದು ಸೀರೆಯ ಕೆಳಗಿನ ಪಾದಗಳು ಮಾತ್ರ. ಕಾಲಿನ ಎರಡು ಕ್ಲಿಪ್ಪು ಮಾತ್ರ ನಾನೇ ಹಾಕುತ್ತಿದ್ದೆ.

"ಏನಪ್ಪ, ಬಟ್ಟೆ ಒಣಗಾಕೋ ಕ್ಲಿಪ್ಪು ತಂದು ಕಾಲಿಗಾಕ್ತೀಯಲ್ಲ" ಅಂತ ಒಬ್ಬಾಕೆ ಸೀರೆಯ ಆ ಕಡೆಯಿಂದ ಅಂದಳು.

"ಒಣಗಿಸಿಯೇ ಕಳಿಸೋದು ಅಕ್ಕ" ಅಂದೆ. ಹೊರಗೆ ಸಾಲಿನಲ್ಲಿ ನಿಂತವರೂ ನಕ್ಕರು. ಆಕೆಯ ಹೆಸರು ಲಕ್ಷ್ಮೀದೇವಮ್ಮ. ಗೆರೆ ಚೆನ್ನಾಗಿತ್ತು. ಅದಾಗಿ ಒಂದು ಗಂಟೆಯ ಮೇಲೆ "ಗಂಗರತ್ನಮ್ಮ ಯಾರಮ್ಮ?" ಅಂತ ಕೂಗಿದೆ. "ಬಂದಿದ್ದಾರೆ, ಹೊಡೀರಿ" ಅಂದರು ಸಿಸ್ಟರ್. ಅದೂ ಚೆನ್ನಾಗಿತ್ತು. ನೂರಕ್ಕೂ ಮೇಲೆ ಜನ ಬಂದಿದ್ದರು ಅವತ್ತು. ರಿಜಿಸ್ಟರಿನಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ನಾರ್ಮಲ್, ನಾರ್ಮಲ್, ಡಾಕ್ಟರಿಗೆ ತೋರಿಸಿ, ನಾರ್ಮಲ್ ಅಂತ ಬರೆದುಕೊಂಡು ಹೋದೆ.

ಸಂಜೆ ಯಂತ್ರ ಮಡಚುವಾಗ ಒಬ್ಬರು ಬಂದರು. ಬಿಳೀ ಅಂಗಿ, ಜೇಬಿನಲ್ಲಿ ಮೂರು ಪೆನ್ನು. ಅಶ್ವತ್ಥಪ್ಪ ಅಂತ, ಹಿಂದೆ ಪಂಚಾಯ್ತಿ ಮೆಂಬರಾಗಿದ್ದವರು. ರೇಷ್ಮೆ ಹುಳ ಸಾಕುವ ದೊಡ್ಡ ಮನೆ, ತಮ್ಮನೂ ತಮ್ಮನ ಹೆಂಡತಿಯೂ ಒಟ್ಟಿಗೇ ಇದ್ದಾರೆ.

"ನಮ್ಮನೆಯೋರ್ದು ಹೆಂಗಿದೆ? ಗಂಗರತ್ನಮ್ಮ ಅಂತ."

"ಫಸ್ಟ್ ಕ್ಲಾಸ್ ಇದೆ ಸಾರ್."

"ನಿನ್ನ ಕಣ್ಣಾರೆ ನೋಡ್ದೆ ತಾನೆ?"

"ನಾನೇ ತೆಗೆದಿದ್ದು ಸಾರ್."

ಅವರು ಮೂರೂ ಕಾಗದ ಜೋಪಾನವಾಗಿ ಮಡಚಿ ಜೇಬಿಗಿಟ್ಟುಕೊಂಡರು. ತಮ್ಮದು, ಹೆಂಡತಿಯದು, ತಮ್ಮನ ಹೆಂಡತಿಯದು.

ಆಮೇಲೆ ಮಳೆ ನಿಂತಿತು, ರಾಗಿ ಕೊಯ್ಲಾಯಿತು, ಅವರೆಕಾಯಿ ಕಾಲ ಬಂತು. ಚಿಂತಾಮಣಿಯ ಬೀದಿಯೆಲ್ಲ ಸೊಗಡಿನ ವಾಸನೆ. ಬೆಳಗ್ಗೆ ಹತ್ತರವರೆಗೂ ಮಂಜು. ಅಂಥ ಚಳಿಯಲ್ಲಿ ನಮಗೆ ಕೆಲಸ ಜಾಸ್ತಿ.

ಮಾರ್ಗಶಿರದ ಒಂದು ಬೆಳಗ್ಗೆ, ಹತ್ತೂವರೆ ಇರಬೇಕು, ಸೊಪ್ಪು ಸಾಗಿಸುವ ಲಗೇಜ್ ಆಟೋ ಒಂದು ಬಾಗಿಲಿಗೇ ಬಂದು ನಿಂತಿತು. ಹಿಂದೆ ಸೊಪ್ಪಿನ ರಾಶಿಯ ಮೇಲೆ ಕಂಬಳಿ ಹಾಸಿ ಒಬ್ಬ ಹೆಂಗಸನ್ನು ಮಲಗಿಸಿದ್ದರು. ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಇನ್ನೊಬ್ಬಾಕೆ ಕೂತಿದ್ದಳು. ಮುಂದಿನಿಂದ ಅಶ್ವತ್ಥಪ್ಪ ಇಳಿದರು. ಅವತ್ತೂ ಜೇಬಿನಲ್ಲಿ ಮೂರು ಪೆನ್ನಿದ್ದವು, ಆದರೆ ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

ಗಂಗರತ್ನಮ್ಮ ಬೆಳಗ್ಗೆ ಹುಳದ ಮನೆಗೆ ಸೊಪ್ಪು ಹಾಕಲು ಹೋದವರು ಬಂದಿಲ್ಲ. ವಾರಗಿತ್ತಿ ಹೋಗಿ ನೋಡಿದರೆ ತಟ್ಟೆಗಳ ನಡುವೆ ಬಿದ್ದಿದ್ದಾರೆ, ವಾಂತಿಯಾಗಿದೆ. ಎಷ್ಟು ಹೊತ್ತಾಗಿತ್ತೋ ಯಾರಿಗೂ ಗೊತ್ತಿಲ್ಲ. ಕೂಗಿದರೆ ಕಣ್ಣು ಬಿಡಲಿಲ್ಲ, ಗಿಲ್ಲಿದರೆ ಕೈ ಎಳೆದುಕೊಂಡರು. ಶುಗರ್ ಸರಿಯಾಗಿತ್ತು. ಬಿ.ಪಿ. ಜಾಸ್ತಿ, ಆದರೆ ಗಾಬರಿ ಬೀಳುವಷ್ಟಲ್ಲ. ಹುಳಕ್ಕೆ ಉದುರಿಸುವ ಸುಣ್ಣದ ಪುಡಿಯಿಂದ ಪಾದಗಳು ಬೆಳ್ಳಗಾಗಿದ್ದವು. ಅದನ್ನು ಒರೆಸಿ ನಾನು ಕ್ಲಿಪ್ಪು ಹಾಕಿದೆ. ಸಿಸ್ಟರ್ ಎದೆಗೆ ಹಾಕಿದರು. ಕಾಗದ ಹರಿದು ಬಂತು.

ಒಳ್ಳೇ ಎದೆಯಲ್ಲಿ ಪ್ರತಿ ಬಡಿತದ ಹಿಂದೆ ಒಂದು ಸಣ್ಣ ದಿಣ್ಣೆ ಮೇಲಕ್ಕೆ ಇರುತ್ತದೆ. ಇವರದರಲ್ಲಿ ಅದು ಕೆಳಕ್ಕೆ ಬಿದ್ದಿತ್ತು. ಸಣ್ಣದಾಗಿ ಅಲ್ಲ, ಬಾವಿಯ ಹಾಗೆ ಅಗಲಕ್ಕೆ, ಆಳಕ್ಕೆ. ಕೆಲವು ಕಡೆ ಗೆರೆ ಮೇಲೆದ್ದೂ ಇತ್ತು.

"ಅಟ್ಯಾಕೇ ಮೇಡಂ" ಅಂದೆ.

ವೀಣಾ ಡಾಕ್ಟರು ಕಿಟಕಿಯ ಹತ್ತಿರ ಹೋದರು. "ಇರಬಹುದು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಇಲ್ಲದೇನೂ ಇರಬಹುದು" ಅಂದರು.

ಆಮೇಲೆ ನನಗೆ ಬಿಡಿಸಿ ಹೇಳಿದರು. ಎದೆಯ ರಕ್ತನಾಳ ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು, ತಡವಾದಷ್ಟೂ ಹೃದಯ ಸಾಯುತ್ತಾ ಹೋಗುತ್ತದೆ. ಆದರೆ ತಲೆಯೊಳಗೆ ರಕ್ತನಾಳ ಒಡೆದರೂ ಕೆಲವರಿಗೆ ಎದೆಯ ಗೆರೆ ಹೀಗೇ ಕೆಡುತ್ತದೆ. ಅಂಥವರಿಗೆ ಆ ಇಂಜೆಕ್ಷನ್ ಕೊಟ್ಟರೆ ತಲೆಯೊಳಗಿನ ರಕ್ತ ನಿಲ್ಲುವುದೇ ಇಲ್ಲ. ಮುಗಿಯಿತು. ಯಾವುದು ಅಂತ ತಿಳಿಯಲು ತಲೆಯ ಸ್ಕ್ಯಾನ್ ಆಗಬೇಕು. ನಮ್ಮಲ್ಲಿ ಸ್ಕ್ಯಾನ್ ಇರಲಿಲ್ಲ. ಚಿಕ್ಕಬಳ್ಳಾಪುರಕ್ಕೇ ಹೋಗಬೇಕು, ಒಂದು ಗಂಟೆಯ ದಾರಿ.

"ಮೂರನೇದೂ ಒಂದಿದೆ" ಅಂದರು. "ಕೆಲವರ ಗೆರೆ ಹುಟ್ಟಿನಿಂದಲೋ ಹಳೇ ಬಿ.ಪಿ.ಯಿಂದಲೋ ಹೀಗೇ ಇರುತ್ತೆ. ಅದಾದರೆ ಇವತ್ತು ಬಿದ್ದಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹಳೇ ಇ.ಸಿ.ಜಿ. ಏನಾದ್ರೂ ಇದೆಯಾ ಇವರ್ದು?"

ಆಗ ನನ್ನ ಬಾಯಿ ಮುಂದೆ ಬಂತು. "ನಾನೇ ತೆಗೆದಿದ್ದೆ ಮೇಡಂ, ಶ್ರಾವಣದ ಕ್ಯಾಂಪಲ್ಲಿ."

"ನಮ್ಮತ್ರ ಇದೆ" ಅಂದರು ಅಶ್ವತ್ಥಪ್ಪ. ಕೈಚೀಲದಿಂದ ಆಧಾರ್ ಕಾರ್ಡು, ಪಡಿತರ ಚೀಟಿ ಎಲ್ಲ ತೆಗೆದು ಪಕ್ಕಕ್ಕಿಟ್ಟು, ಕೊನೆಗೆ ಒಂದು ಗಟ್ಟಿ ಪ್ಲಾಸ್ಟಿಕ್ ಹಾಳೆ ತೆಗೆದು ಡಾಕ್ಟರ ಕೈಗೆ ಕೊಟ್ಟರು.

ಅದು ಕಪ್ಪಗಿತ್ತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಇದ್ದಲಿನ ಹಾಗೆ ಕಪ್ಪು. ಮೂಲೆಯಲ್ಲಿ ನಾನು ಪೆನ್ನಿನಿಂದ ಬರೆದಿದ್ದ ಗಂಗರತ್ನಮ್ಮ ಅನ್ನುವ ಹೆಸರು ಮಾತ್ರ ಓರೆ ಮಾಡಿದರೆ ಕಾಣುತ್ತಿತ್ತು.

"ಹಾಳಾಗಬಾರದು ಅಂತ ಲ್ಯಾಮಿನೇಷನ್ ಮಾಡಿಸ್ದೆ" ಅಂದರು ಅಶ್ವತ್ಥಪ್ಪ. "ಅವನು ಮಿಷಿನ್ನಿಗೆ ಹಾಕಿ ತೆಗೆಯೋಷ್ಟರಲ್ಲಿ ಹಿಂಗಾಗೋಗಿತ್ತು. ಮೂರೂ ಹಂಗೇ ಆದ್ವು. ಒಳಗೆ ಇರುತ್ತೆ ಬಿಡಿ, ನಿಮ್ಮ ಕಂಪ್ಯೂಟರಲ್ಲಿ ಕಾಣ್ಬೋದು ಅಂತ ಇಟ್ಕೊಂಡಿದ್ದೆ."

ಬಿಸಿ ತಗುಲಿದರೆ ಆ ಕಾಗದ ಕಪ್ಪಾಗುತ್ತದೆ. ಅದು ಅವರಿಗೆ ಹೇಗೆ ಗೊತ್ತಿರಬೇಕು? ಜಮೀನಿನ ಪಹಣಿಯಿಂದ ಹಿಡಿದು ಎಲ್ಲಕ್ಕೂ ಲ್ಯಾಮಿನೇಷನ್ ಮಾಡಿಸಿದ ಮನುಷ್ಯ. ನಗು ಬರುವಂಥದ್ದೇ, ಆದರೆ ಅವರ ಬರಿಗಾಲು ನೋಡಿ ಯಾರೂ ನಗಲಿಲ್ಲ.

"ರಿಜಿಸ್ಟರಿದೆ ಮೇಡಂ" ಅಂತ ಓಡಿ ಹೋಗಿ ತಂದೆ. ನನ್ನದೇ ಅಕ್ಷರ. ಗಂಗರತ್ನಮ್ಮ, ನಾರ್ಮಲ್.

"ನಿಮಗೆ ನೆನಪಿದೆಯಾ ಅಣ್ಣ?"

"ಇದೆ ಮೇಡಂ. ಚೆನ್ನಾಗಿತ್ತು."

ನೆನಪಿತ್ತೇ? ನೂರು ಜನರ ಕಾಗದದಲ್ಲಿ ಒಂದು. ಆದರೂ ಹೇಳುವಾಗ ನನಗೆ ಕಣ್ಣ ಮುಂದೆ ಕಂಡಂತೆಯೇ ಆಯಿತು. ಈಗ ಯೋಚಿಸಿದರೆ, ಬರೆದದ್ದನ್ನು ಓದಿ ನೆನಪು ಮಾಡಿಕೊಂಡೆನೋ, ನೆನಪಿದ್ದದ್ದಕ್ಕೆ ಬರೆದದ್ದು ಸಾಕ್ಷಿಯಾಯಿತೋ ಗೊತ್ತಾಗುವುದಿಲ್ಲ.

ನಮ್ಮ ಆಸ್ಪತ್ರೆಗೆ ಬೆಂಗಳೂರಿನ ಒಬ್ಬ ಹಿರಿಯ ಹೃದಯದ ಡಾಕ್ಟರು ಫೋನಿನಲ್ಲಿ ಸಲಹೆ ಕೊಡುತ್ತಿದ್ದರು. ನಾನೇ ಕಾಗದದ ಫೋಟೋ ತೆಗೆದು ವಾಟ್ಸಪ್ಪಿನಲ್ಲಿ ಕಳಿಸಿದೆ. ಹೆಂಗಸು, ಐವತ್ತನಾಲ್ಕು, ನಾಲ್ಕು ತಿಂಗಳ ಹಿಂದೆ ನಾರ್ಮಲ್ ಅಂತ ಬರೆದೆ. ಎರಡು ನಿಮಿಷದಲ್ಲಿ ಉತ್ತರ ಬಂತು. ಹೊಸದಾಗಿ ಬಂದದ್ದು, ಅಟ್ಯಾಕ್, ಇಂಜೆಕ್ಷನ್ ಕೊಟ್ಟು ಕಳಿಸಿ.

"ಪ್ರಜ್ಞೆ ಇಲ್ಲ ಅಂತ ಹಾಕಿದ್ರಾ?" ಅಂದರು ವೀಣಾ ಡಾಕ್ಟರು.

ಹಾಕಿರಲಿಲ್ಲ. ಹಾಕಿದೆ. ಈ ಸಲ ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಅಟ್ಯಾಕಿನಿಂದಲೇ ಪ್ರಜ್ಞೆ ಹೋಗಿರಬಹುದು. ಹಳೆಯದು ನಿಜವಾಗಿ ನಾರ್ಮಲ್ ಇದ್ದರೆ ಹೃದಯದ ಕಡೆಗೇ ತೂಕ ಜಾಸ್ತಿ. ಎದುರಿಗಿರುವವರು ನೀವು, ನಿರ್ಧಾರ ನಿಮ್ಮದು.

ಡಾಕ್ಟರು ಗಂಗರತ್ನಮ್ಮನವರ ರೆಪ್ಪೆ ಎತ್ತಿ ಟಾರ್ಚು ಬಿಟ್ಟರು, ಕುತ್ತಿಗೆಯ ಕೆಳಗೆ ಕೈ ಕೊಟ್ಟು ಎತ್ತಿ ನೋಡಿದರು. ಬಿಗಿ ಇದೆಯೋ ಇಲ್ಲವೋ ಅವರಿಗೂ ಖಚಿತವಾಗಲಿಲ್ಲ. ನನ್ನನ್ನು ನೋಡಿ ಇನ್ನೊಂದು ಸಲ ಕೇಳಿದರು. "ಗ್ಯಾರಂಟಿನಾ ಅಣ್ಣ?"

"ಗ್ಯಾರಂಟಿ ಮೇಡಂ."

ಆ ಮಾತು ನನ್ನದೇ. ಬೇರೆ ಯಾರೂ ಹೇಳಿಸಲಿಲ್ಲ.

ಸಿಸ್ಟರ್ ಇಂಜೆಕ್ಷನ್ನಿನ ಡಬ್ಬಿ ತೆಗೆದರು. ಅಶ್ವತ್ಥಪ್ಪನ ಮುಂದೆ ಒಪ್ಪಿಗೆಯ ಫಾರಂ ಇಟ್ಟರು. ಇದರಿಂದ ರಕ್ತಸ್ರಾವವಾಗಬಹುದು, ಜೀವಕ್ಕೂ ಅಪಾಯ ಆಗಬಹುದು ಅಂತ ಡಾಕ್ಟರು ಹೇಳಿದರು. ಅವರು ಕನ್ನಡಕ ಹಾಕಿಕೊಂಡು ಪ್ರತಿಯೊಂದು ಸಾಲೂ ಓದಿದರು. ಮೂರು ಪೆನ್ನಿನಲ್ಲಿ ಒಂದನ್ನು ಆರಿಸಿ ತೆಗೆದರು.

"ಬಾವಾ, ಸೈನ್ ಹಾಕ್ಬ್ಯಾಡಿ."

ಅಷ್ಟು ಹೊತ್ತೂ ಗೋಡೆಗೆ ಅಂಟಿಕೊಂಡು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದ ವಾರಗಿತ್ತಿ. ದನಿ ಕೇಳಿದ ಕೂಡಲೇ ನನಗೆ ಗುರುತು ಸಿಕ್ಕಿತು. ಕ್ಲಿಪ್ಪಿನ ತಮಾಷೆ ಮಾಡಿದ್ದ ಲಕ್ಷ್ಮೀದೇವಮ್ಮ.

"ಸುಮ್ನಿರಮ್ಮ ನೀನು" ಅಂದರು ಅಶ್ವತ್ಥಪ್ಪ.

"ಅದು ಅಕ್ಕನ್ದಲ್ಲ ಬಾವ. ಅವತ್ತು ಅಕ್ಕ ಕ್ಯಾಂಪಿಗೆ ಬಂದಿರ್ಲಿಲ್ಲ."

"ಅವತ್ತು ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬಂದಿತ್ತು. ನಿಮಗೆ ಗೊತ್ತಲ್ಲ, ಹಣ್ಣಾದ ಹುಳನ ಆರಿಸಿ ಚಂದ್ರಿಕೆ ತಟ್ಟೆಗೆ ಬಿಡ್ದೇ ಇದ್ರೆ ಎಲ್ಲೆಂದರಲ್ಲಿ ಗೂಡು ಕಟ್ತವೆ. ಅಕ್ಕಾನೇ 'ನಾನು ಬಿಟ್ಟು ಬರಕ್ಕಾಗಲ್ಲ, ನೀನು ಹೋಗಿ ನಂದೂ ಮಾಡಿಸ್ಕೊಂಡು ಬಾ, ಇಲ್ದಿದ್ರೆ ನಿಮ್ಮ ಬಾವ ಬೈತಾರೆ' ಅಂದ್ಲು. ಸಂಘದ ಮೀಟಿಂಗಿಗೂ ನಾವು ಹಂಗೇ ಅಲ್ವಾ, ಒಬ್ರು ಹೋದ್ರೆ ಇಬ್ಬರ ಹಾಜರೀನೂ ಹಾಕಿಸ್ಕೊಂಡು ಬರ್ತೀವಿ. ಇದೂ ಹಂಗೇ ಅನ್ಕೊಂಡೆ. ಅದೂ ಅಲ್ದೆ ಅಕ್ಕಂಗೆ ರವಿಕೆ ಬಿಚ್ಚೋದು ಅಂದ್ರೆ ನಾಚ್ಕೆ."

"ನೀವು ಎರಡು ಸಲ ಮಲಗಿದ್ರಾ?" ಅಂದರು ಡಾಕ್ಟರು.

"ಹೂಂ ಮೇಡಂ. ಮೊದ್ಲು ನಂದು. ಆಮೇಲೆ ಸೆರಗು ಮುಸುಕು ಹಾಕ್ಕೊಂಡು ಅಕ್ಕನ್ದು. ಆವಾಗ ಮಾತಾಡ್ಲಿಲ್ಲ."

ಹಾಗಾದರೆ ಒಂದೇ ಎದೆಯನ್ನು ನಾನು ಒಂದು ಗಂಟೆಯ ಅಂತರದಲ್ಲಿ ಎರಡು ಸಲ ಕಾಗದಕ್ಕಿಳಿಸಿ, ಎರಡು ಹೆಸರು ಬರೆದು, ಎರಡು ಸಲ ನಾರ್ಮಲ್ ಅಂದಿದ್ದೆ. ಅದೇ ಪಾದಕ್ಕೆ ಎರಡು ಸಲ ಕ್ಲಿಪ್ಪು ಹಾಕಿದ್ದೆ. ಹದಿನಾಲ್ಕು ವರ್ಷದ ಕಣ್ಣಿಗೆ ಗೊತ್ತಾಗಿರಲಿಲ್ಲ.

ಅಶ್ವತ್ಥಪ್ಪ ಸಿಟ್ಟಾಗುತ್ತಾರೆ ಅಂದುಕೊಂಡೆ. ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಹಂಗಾದ್ರೆ ನಾಕ್ ತಿಂಗ್ಳಿಂದ ನಾನು ಯಾರ ಹಾರ್ಟು ಚೆನ್ನಾಗಿದೆ ಅಂತ ನಿಶ್ಚಿಂತೆಯಾಗಿದ್ದೆ?" ಅಂದರು. ಕೇಳಿದ್ದು ಯಾರನ್ನೋ ತಿಳಿಯಲಿಲ್ಲ.

ನಾನು ಡಾಕ್ಟರ ಪಕ್ಕಕ್ಕೆ ಹೋಗಿ, "ಅಂದ್ರೆ ಇದು ಅಟ್ಯಾಕಲ್ವಾ ಮೇಡಂ?" ಅಂದೆ.

"ಹಾಗಂತ ಎಲ್ಲಿ ಆಯ್ತಣ್ಣ? ಅಟ್ಯಾಕೇ ಇರಬಹುದು. ಇದು ಹೊಸದು ಅಂತ ಮಾತ್ರ ಈಗ ಹೇಳಕ್ಕಾಗಲ್ಲ. ನಮಗೆ ಏನು ಗೊತ್ತು ಅಂದ್ಕೊಂಡಿದ್ವೋ ಅದು ಗೊತ್ತಿಲ್ಲ. ಅಷ್ಟೇ ಆಗಿರೋದು." ಸಿಸ್ಟರ್ ಕಡೆ ತಿರುಗಿದರು. "ಡಬ್ಬಿ ವಾಪಸ್ ಇಡಿ ಸಿಸ್ಟರ್. ಸ್ಕ್ಯಾನ್ ಆಗದೆ ಕೊಡಲ್ಲ. ಆಂಬುಲೆನ್ಸ್ ಹೇಳಿ. ನಾಗರಾಜಣ್ಣ, ಮಿಷಿನ್ ತಗೊಂಡು ನೀವೂ ಹೋಗಿ, ದಾರೀಲಿ ಏನಾದ್ರೂ ಬದಲಾದರೆ ಫೋಟೋ ಕಳಿಸಿ."

ಹಾಗೆ ಹೊರಟೆವು. ಆಂಬುಲೆನ್ಸಿನಲ್ಲಿ ಗಂಗರತ್ನಮ್ಮ, ಅವರ ಪಾದ ಹಿಡಿದುಕೊಂಡು ಲಕ್ಷ್ಮೀದೇವಮ್ಮ, ಎದುರಿಗೆ ನಾನು. ಅಶ್ವತ್ಥಪ್ಪ ಮುಂದೆ ಡ್ರೈವರ ಪಕ್ಕ. ಗಂಗರತ್ನಮ್ಮನವರ ಜಡೆಯಲ್ಲಿ ಒಂದು ಸೊಪ್ಪಿನ ಎಲೆ ಸಿಕ್ಕಿಕೊಂಡಿತ್ತು. ಆ ಮುಚ್ಚಿದ ಗಾಡಿಯ ತುಂಬ ಅದೇ ಹಸಿ ವಾಸನೆ.

ಶಿಡ್ಲಘಟ್ಟಕ್ಕೆ ಬರುವಷ್ಟರಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆ ಬಿಡುವ ಹೊತ್ತು. ಗೂಡಿನ ಚೀಲ ಹೊತ್ತ ಗಾಡಿಗಳು, ಬೈಕುಗಳು, ಜನ, ಎಲ್ಲ ರಸ್ತೆಯಲ್ಲೇ. ಸೈರನ್ನು ಕೂಗುತ್ತಲೇ ಇತ್ತು, ನಾವು ಅಡಿ ಅಡಿ ಸರಿಯುತ್ತಿದ್ದೆವು. ನಾನು ಗಡಿಯಾರ ನೋಡುತ್ತಿದ್ದೆ. ಇದು ಹೃದಯವೇ ಆಗಿದ್ದರೆ ಈ ಒಂದೊಂದು ನಿಮಿಷವೂ ಅದರ ಒಂದೊಂದು ಚೂರು ಹೋಗುತ್ತಿದೆ. ತಲೆಯೇ ಆಗಿದ್ದರೆ ನಾವು ಒಂದು ಸಹಿಯ ಅಂತರದಲ್ಲಿ ಉಳಿದಿದ್ದೇವೆ. ಯಂತ್ರದ ಗುಂಡಿ ಒತ್ತಿದೆ. ಅದೇ ಬಾವಿಗಳು, ಸ್ವಲ್ಪ ಇನ್ನೂ ಆಳ. ಫೋಟೋ ಕಳಿಸಿದೆ. ಡಾಕ್ಟರು ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ.

"ಅಣ್ಣ" ಅಂದಳು ಲಕ್ಷ್ಮೀದೇವಮ್ಮ. "ನಾನು ಹೇಳಿದ್ದು ಒಳ್ಳೇದಾಯ್ತಾ, ಕೆಟ್ಟದಾಯ್ತಾ?"

"ಗೊತ್ತಿಲ್ಲ ಅಕ್ಕ."

"ಸುಮ್ನಿದ್ದಿದ್ರೆ ಆ ಸೂಜಿ ಹಾಕ್ಬಿಡ್ತಿದ್ರು ಅಲ್ವಾ?"

"ಹೂಂ."

"ಅದರಿಂದ ಅಕ್ಕ ಎದ್ದು ಕೂತ್ಕೋತಿದ್ಲೇನೋ."

"ಇರಬಹುದು."

"ಇಲ್ಲಾ ಸತ್ತೋಗ್ತಿದ್ಲೇನೋ."

"ಅದೂ ಇರಬಹುದು ಅಕ್ಕ."

"ನೀನೂ ಸರಿಯಾಗಿ ಹೇಳಲ್ಲ ನೋಡು" ಅಂದು ಸೆರಗಿನಿಂದ ಅಕ್ಕನ ಪಾದದ ಸುಣ್ಣ ಒರೆಸತೊಡಗಿದಳು. ಅದನ್ನು ನಾನು ಆಗಲೇ ಒರೆಸಿದ್ದೆ. ಆಕೆ ಚಿಕ್ಕಬಳ್ಳಾಪುರ ಕಾಣುವವರೆಗೂ ಒರೆಸುತ್ತಲೇ ಇದ್ದಳು.

ಸ್ಕ್ಯಾನಿನಲ್ಲಿ ಮೆದುಳಿನ ಸುತ್ತ ರಕ್ತ ಕಂಡಿತು. ಅಲ್ಲಿದ್ದವರು ಪರದೆಯ ಮೇಲೆ ನನಗೂ ತೋರಿಸಿದರು. ನನಗೆ ಅದು ಓದಲು ಬರುವುದಿಲ್ಲ, ಆದರೂ ಬೆಳ್ಳಗೆ ಕವಲೊಡೆದ ಆ ಗುರುತು ಇರಬಾರದ ಜಾಗದಲ್ಲಿದೆ ಅಂತ ಗೊತ್ತಾಯಿತು. ವೀಣಾ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಸದ್ದೇ ಇಲ್ಲ. ಲೈನ್ ಹೋಯಿತೇನೋ ಅಂತ ಎರಡು ಸಲ ಹಲೋ ಅಂದೆ. "ಇದ್ದೀನಿ ಅಣ್ಣ" ಅಂದರು. "ಸುಮ್ನೆ ಕೂತ್ಕೊಂಡೆ."

ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಆಪರೇಷನ್ ಆಯಿತು, ಬದುಕಿಕೊಂಡರು ಅಂತ ಸಂಕ್ರಾಂತಿಯ ಹೊತ್ತಿಗೆ ಸುದ್ದಿ ಬಂತು.

ನಾನು ವಾಪಸ್ ಕೆಲಸಕ್ಕೆ ಹೋದೆ. ಆದರೆ ಮೊದಲಿನ ಹಾಗೆ ಕಾಗದ ಬರುವ ಮೊದಲೇ ಇದು ಇಂಥದ್ದು ಅನ್ನುವುದು ನನ್ನಿಂದ ಆಗುತ್ತಿರಲಿಲ್ಲ. ಮಲಗಿದವರ ಹೆಸರನ್ನು ಅವರ ಬಾಯಿಂದಲೇ ಕೇಳಿ, ಮುಖ ನೋಡಿ, ಮತ್ತೆ ಕೇಳುತ್ತಿದ್ದೆ. "ಎಷ್ಟು ಸಲ ಹೇಳೋದಪ್ಪ, ಅದೇ ಹೆಸರು, ಬದಲಾಯಿಸ್ಕ್ಯಂಡಿಲ್ಲ" ಅಂತ ಒಬ್ಬ ಮುದುಕ ಬೈದ. ಪ್ರಜ್ಞೆ ಇಲ್ಲದವರು ಬಂದರೆ ಮಾತ್ರ ಯಾರನ್ನು ಕೇಳುವುದು? ಜೊತೆಯಲ್ಲಿ ಬಂದವರ ಮುಖ ನೋಡುತ್ತಾ ನಿಂತುಬಿಡುತ್ತಿದ್ದೆ. ನನಗೆ ಅನುಮಾನ ಬಂದದ್ದು ಅವರ ಮೇಲಲ್ಲ, ನನ್ನ ಮೇಲೆ.

ಯುಗಾದಿ ಕಳೆದ ಮೇಲೆ ವೀಣಾ ಡಾಕ್ಟರು ಒಂದು ದಿನ ಹೇಳಿದರು. "ಗಂಗರತ್ನಮ್ಮನೋರು ಮನೆಗೆ ಬಂದಿದ್ದಾರಂತೆ. ಅವರ್ದೇ ಆದ ಒಂದು ಇ.ಸಿ.ಜಿ. ನಮ್ಮತ್ರ ಇರಲಿ. ನೀವೂ ಸಿಸ್ಟರೂ ಹೋಗಿ ಬನ್ನಿ."

ಹೋದೆವು. ಗಂಗರತ್ನಮ್ಮ ಜಗಲಿಯ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಕತ್ತರಿಸಿದ ಕೂದಲು ಇನ್ನೂ ಗಿಡ್ಡಕ್ಕೇ ಇತ್ತು. ಎಡಗೈ ತೊಡೆಯ ಮೇಲೆ ಇಟ್ಟಲ್ಲೇ ಇತ್ತು. ಮಾತು ಬರುತ್ತಿತ್ತು, ನಿಧಾನ. ನನ್ನನ್ನು ಅವರು ನೋಡಿಯೇ ಇರಲಿಲ್ಲ. ನಾನು ಅವರನ್ನು ಕಣ್ಣು ಮುಚ್ಚಿದ್ದಾಗ ಮಾತ್ರ ನೋಡಿದ್ದೆ.

"ಇವನೇ ಏನೇ ಅವನು?" ಅಂದರು ವಾರಗಿತ್ತಿಯನ್ನು ನೋಡಿ.

"ಹೂಂ ಅಕ್ಕ, ಇವನೇ."

"ಬಾರಪ್ಪ. ಈ ಸಲ ನಾನೇ ಮಲಗ್ತೀನಿ, ಹುಳ ಎಲ್ಲ ಅವಳಿಗೇ ಬಿಟ್ಟಿದೀನಿ."

ಒಳಗೆ ಮಂಚದ ಮೇಲೆ ಮಲಗಿಸಿದೆವು. ನಾಚಿಕೆ ಅನ್ನುವುದು ಆಸ್ಪತ್ರೆಗಳಲ್ಲಿ ಕಳೆದುಹೋಗಿತ್ತೋ ಏನೋ, ಸುಮ್ಮನೆ ಮಲಗಿದರು. ಸಿಸ್ಟರ್ ಮೇಲೆ ಒಂದು ಬಟ್ಟೆ ಹೊದಿಸಿ ಹಾಕಬೇಕಾದದ್ದನ್ನು ಹಾಕಿದರು. ನಾನು ಗುಂಡಿ ಒತ್ತಿದೆ.

ಬಾವಿಗಳಿಲ್ಲ. ಪ್ರತಿ ಬಡಿತದ ಹಿಂದೆ ದಿಣ್ಣೆ ಮೇಲಕ್ಕೇ ಇದೆ, ಎಲ್ಲಿರಬೇಕೋ ಅಲ್ಲೇ. ಎದೆ ಚೆನ್ನಾಗಿತ್ತು. ಹಿತ್ತಲಿಗೆ ಹೋಗಿ ಡಾಕ್ಟರಿಗೆ ಫೋಟೋ ಕಳಿಸಿ ಫೋನ್ ಮಾಡಿದೆ.

"ಹೌದಣ್ಣ, ಹಾಗೇ ಆಗೋದು. ತಲೆಯ ರಕ್ತದಿಂದ ಕೆಟ್ಟ ಗೆರೆ, ಕೆಲವು ವಾರದಲ್ಲಿ ತಾನೇ ಸರಿಹೋಗತ್ತೆ. ಅವರ ಹೃದಯ ಮೊದಲಿಂದಾನೂ ಚೆನ್ನಾಗೇ ಇತ್ತು ಅನ್ಸತ್ತೆ."

"ಅಂದ್ರೆ ಅವತ್ತು ನಾನು ನಾರ್ಮಲ್ ಅಂದಿದ್ದು?"

"ನಿಜಾನೇ ಇದ್ದಿರಬೇಕು."

"ಲಕ್ಷ್ಮೀದೇವಮ್ಮ ಸುಮ್ನಿದ್ದು, ನೀವು ನನ್ನ ಮಾತು ನಂಬಿದ್ದಿದ್ರೆ?"

"ಬಸ್ಸಿಗೆ ಲೇಟಾಗತ್ತೆ, ಬೇಗ ಹೊರಡಿ" ಅಂದರು.

ನಾನು ಹಿತ್ತಲಲ್ಲೇ ನಿಂತೆ. ನಾನು ನೋಡದ ಎದೆಯನ್ನು ನೋಡಿದ್ದೇನೆ ಅಂದಿದ್ದೆ, ಆದರೆ ಅದರ ಬಗ್ಗೆ ಹೇಳಿದ್ದು ನಿಜವಾಗಿತ್ತು. ಆ ನಿಜವನ್ನು ನಂಬಿದ್ದರೆ ಈ ಮನೆಯಲ್ಲಿ ಇವತ್ತು ಒಬ್ಬರು ಇರುತ್ತಿರಲಿಲ್ಲ. ಲಕ್ಷ್ಮೀದೇವಮ್ಮ ಹೇಳಿದ ಮಾತಿನಿಂದ ನಮಗೆ ಹೊಸದಾಗಿ ಏನೂ ತಿಳಿಯಲಿಲ್ಲ, ತಿಳಿದಿದೆ ಅಂದುಕೊಂಡದ್ದೂ ಹೋಯಿತು. ಗಂಗರತ್ನಮ್ಮ ಉಳಿದದ್ದು ಅದರಿಂದ. ಇದನ್ನು ಯಾವ ಕಡೆಯಿಂದ ಹಿಡಿದರೂ ಇನ್ನೊಂದು ಕಡೆ ಜಾರುತ್ತದೆ. ಆವತ್ತಿಗೂ ಜಾರಿತು, ಇವತ್ತಿಗೂ.

ಒಳಗೆ ಬಂದಾಗ ಗಂಗರತ್ನಮ್ಮ ಬಲಗೈಯಲ್ಲಿ ಎರಡು ಕಾಗದ ಹಿಡಿದುಕೊಂಡಿದ್ದರು. ಈಗ ತೆಗೆದದ್ದು ಒಂದು, ಆಂಬುಲೆನ್ಸಿನಲ್ಲಿ ತೆಗೆದದ್ದು ಇನ್ನೊಂದು. ಸಿಸ್ಟರ್ ಫೈಲಿನಿಂದ ತೋರಿಸಿದ್ದರು. ಅವನ್ನು ಕಣ್ಣಿನ ಹತ್ತಿರ ತಂದು ನೋಡಿದರು, ದೂರ ಹಿಡಿದು ನೋಡಿದರು.

"ಈ ಸೊಟ್ಟಂದು ಯಾರ್ದಪ್ಪ?"

"ನಿಮ್ದೇ ಅಮ್ಮ."

"ಈ ನೆಟ್ಟಂದು?"

"ಅದೂ ನಿಮ್ದೇ."

"ಎರಡೂ ನಂದಾ?"

"ಎರಡೂ ನಿಮ್ದೇ."

ಅವರು ಕಾಗದದಿಂದ ತಲೆ ಎತ್ತಿ, ಬಾಗಿಲಲ್ಲಿ ಸೊಪ್ಪಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದ ಲಕ್ಷ್ಮೀದೇವಮ್ಮನ ಕಡೆ ನೋಡಿದರು.

"ಇಲ್ಲಪ್ಪ" ಅಂದರು. "ಇಷ್ಟು ಚೆನ್ನಾಗಿರೋದು ಅವಳ್ದೇ ಇರ್ಬೇಕು. ಎಲ್ಲೋ ತಪ್ಪಾಗಿದೆ, ಇನ್ನೊಂದ್ಸಲ ತೆಗಿ."

ಲಕ್ಷ್ಮೀದೇವಮ್ಮ ಬುಟ್ಟಿ ಕೆಳಗಿಟ್ಟು ಒಳಗೆ ಬಂದು ಅಕ್ಕನ ತಲೆಯ ಹತ್ತಿರ ಕೂತಳು. ಸಿಸ್ಟರ್ ಜೆಲ್ಲಿ ಹಚ್ಚಿದರು. ನಾನು ಪಾದಕ್ಕೆ ಕ್ಲಿಪ್ಪು ಹಾಕಿ, ಗಂಗರತ್ನಮ್ಮನವರ ಮುಖ ನೋಡುತ್ತಾ ಇನ್ನೊಂದು ಸಲ ಗುಂಡಿ ಒತ್ತಿದೆ.